ಮೊದಲು ಮಗುಚಿ ನೋಡಿ: ಇರಾನ್‌ನ ರತ್ನಗಂಬಳಿಗಳ ದಾರಿಯಲ್ಲಿ

ಶನಿವಾರ, ಟೆಹ್ರಾನ್

ನಮ್ಮ ಅಕ್ಕನಿಗೆ ಮ್ಯೂಸಿಯಂ ಅಂದರೆ ಆಗಿಬರುವುದಿಲ್ಲ. ಮುಟ್ಟುವ ಹಾಗಿಲ್ಲ, ಮತ್ತೆ ನೋಡಿ ಏನು ಮಾಡುವುದು ಅಂತ ಅವಳ ವಾದ. ಧಾರವಾಡದಲ್ಲಿ ಅವಳು ಕಸೂತಿ ಹಾಕುತ್ತಾಳೆ, ಹುಡುಗಿಯರಿಗೆ ಕಲಿಸುತ್ತಾಳೆ. ಬಟ್ಟೆ ಕಂಡರೆ ಬೆರಳು ಸುಮ್ಮನಿರುವುದಿಲ್ಲ. ಆದರೂ ಇರಾನ್‌ಗೆ ಬಂದಮೇಲೆ ಮೊದಲು ಕಾರ್ಪೆಟ್ ಮ್ಯೂಸಿಯಮ್ಮೇ ಅಂತ ನಾನು ಹಟ ಹಿಡಿದೆ.

2024ರ ಫೆಬ್ರವರಿಯಿಂದ ಇರಾನ್ ಭಾರತೀಯರಿಗೆ ವೀಸಾ ಇಲ್ಲದೆ ಬರಲು ಬಿಟ್ಟಿತ್ತು. ವಿಮಾನದಲ್ಲೇ ಬರಬೇಕಿತ್ತು, 15 ದಿನಕ್ಕಿಂತ ಜಾಸ್ತಿ ಇರುವಂತಿರಲಿಲ್ಲ. 2025ರ ನವೆಂಬರ್‌ನಲ್ಲಿ ಆ ಸವಲತ್ತು ನಿಂತಿತು. ಆ ವರ್ಷದ ಮೇ ಶುರುವಿನಲ್ಲಿ ನಾವು ಹೊರಟದ್ದು. ನಮ್ಮ ಬ್ಯಾಂಕ್ ಕಾರ್ಡು ಅಲ್ಲಿ ಎಲ್ಲೂ ನಡೆಯುವುದಿಲ್ಲ, ಹಾಗಾಗಿ ಡಾಲರ್ ನೋಟುಗಳನ್ನು ಒಳಚೀಲದಲ್ಲಿ ಇಟ್ಟುಕೊಂಡು ಓಡಾಡಬೇಕು. ತಲೆ ಮೇಲೆ ಸ್ಕಾರ್ಫ್ ಬೇಕು. ಅಕ್ಕ ಇಳಕಲ್ ಸೀರೆಯ ಸೆರಗನ್ನೇ ತಲೆ ತುಂಬ ಹೊದ್ದುಕೊಂಡಳು, ಯಾರೂ ಏನೂ ಅನ್ನಲಿಲ್ಲ.

ಮ್ಯೂಸಿಯಂ ಇರುವುದು ಲಾಲೆ ಪಾರ್ಕಿನ ಮೂಲೆಯಲ್ಲಿ. 1978ರಲ್ಲಿ ತೆರೆದದ್ದು. ಕಟ್ಟಡದ ವಿನ್ಯಾಸ ಅಬ್ದುಲ್ ಅಜೀಜ್ ಫರ್ಮಾನ್‌ಫರ್ಮಾಯಾನ್ ಅವರದು. ಹೊರಗೋಡೆಯ ಮುಂದೆ ಉದ್ದುದ್ದ ಕಂಬಗಳ ಸಾಲು, ಹಾಸಿನ ಉದ್ದ ಎಳೆಗಳನ್ನು ಬಿಗಿದ ಮಗ್ಗವೇ ನಿಂತಂತೆ. ಬಿಸಿಲನ್ನೂ ಅದೇ ತಡೆಯುತ್ತದೆ. ಒಳಗೆ ನೂರಕ್ಕೂ ಹೆಚ್ಚು ರತ್ನಗಂಬಳಿಗಳು, 16ನೇ ಶತಮಾನದಿಂದ ಈಚಿನವು. ಕೆಲವು ಗೋಡೆಗೆ ತೂಗಿವೆ, ಕೆಲವನ್ನು ನೆಲದ ಮೇಲೆ ಹಾಸಿದ್ದಾರೆ. ದುಂಡನೆಯ ಪದಕ ನಡುವೆ, ನಾಲ್ಕು ಮೂಲೆಗೆ ಅದರ ಕಾಲು ಕಾಲು ತುಂಡು. ಲಚಕ್-ತೊರಂಜ್ ಅಂತಾರೆ ಇದಕ್ಕೆ. ಬೇಟೆಯಾಡುವವರು, ಸೈಪ್ರೆಸ್ ಮರಗಳು, ಹೂದಾನಿಗಳು, ಕೆರ್ಮಾನ್ ಕಡೆಯ ಚಿತ್ರಗಂಬಳಿಗಳಲ್ಲಿ ಮುಖಗಳು ಬೇರೆ.

ನನಗೆ ಬೇಜಾರಾದದ್ದು ಒಂದೇ. ಇರಾನ್‌ನ ಅತಿ ಹೆಸರುವಾಸಿ ಗಂಬಳಿ ಇರಾನ್‌ನಲ್ಲೇ ಇಲ್ಲ. ಅರ್ದಬೀಲ್‌ನ ಶೇಖ್ ಸಫಿ ದರ್ಗಾದಲ್ಲಿದ್ದ ಜೋಡಿ ಅದು. ನೇಯ್ದದ್ದು ಹಿಜರಿ 946ರಲ್ಲಿ, ಅಂದರೆ 1539-40ರಲ್ಲಿ. ಗಂಬಳಿಯ ಒಂದು ತುದಿಯಲ್ಲಿ ಕವಿ ಹಾಫಿಜ್‌ನ ಎರಡು ಸಾಲು ಪದ್ಯ, ಕೆಳಗೆ 'ಮಕ್ಸೂದ್ ಕಾಶಾನಿ' ಅಂತ ಹೆಸರು ನೇಯ್ದಿದೆ. 19ನೇ ಶತಮಾನದಲ್ಲಿ ಜೋಡಿಯನ್ನು ಮಾರಿದರು. ಒಂದು ಹರಿದಿತ್ತು, ಇನ್ನೊಂದರಿಂದ ತುಂಡು ಕತ್ತರಿಸಿ ತೇಪೆ ಹಾಕಿದರು. ತೇಪೆ ಹಾಕಿಸಿಕೊಂಡದ್ದನ್ನು 1893ರಲ್ಲಿ 2,000 ಪೌಂಡ್ ಕೊಟ್ಟು ಲಂಡನ್‌ನವರು ತೆಗೆದುಕೊಂಡರು. ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಉದ್ದ ಹತ್ತೂವರೆ ಮೀಟರ್, ಅಗಲ ಐದು ಮೀಟರಿಗೂ ಮೇಲೆ, ಒಟ್ಟು ಗಂಟು ಸುಮಾರು 2.6 ಕೋಟಿ. ತೇಪೆಗೆ ಮೈ ಕೊಟ್ಟ ಇನ್ನೊಂದು ಪಾಪ ಸಣ್ಣದಾಗಿ ಲಾಸ್ ಏಂಜಲೀಸ್ ಸೇರಿದೆ.

ಈ ಕಲೆ ಅದಕ್ಕಿಂತಲೂ ಎಷ್ಟೋ ಹಳೆಯದು. ಸೈಬೀರಿಯಾದ ಅಲ್ತಾಯ್ ಬೆಟ್ಟಗಳ ಪಾಜಿರಿಕ್ ಗೋರಿಯೊಂದರಲ್ಲಿ 1949ರಲ್ಲಿ ಒಂದು ಗಂಟಿನ ಗಂಬಳಿ ಸಿಕ್ಕಿತು. ಹಿಮದಲ್ಲಿ ಹೂತು ಕೊಳೆಯದೆ ಉಳಿದಿತ್ತು. ಸುಮಾರು 2,400 ವರ್ಷದ್ದು. ಅದನ್ನು ಎಲ್ಲಿ ನೇಯ್ದರು ಅಂತ ವಿದ್ವಾಂಸರು ಇನ್ನೂ ಜಗಳ ಆಡುತ್ತಾರೆ. ಆಡಲಿ ಬಿಡಿ.

ಅಕ್ಕ ಅಷ್ಟೂ ಹೊತ್ತು ಮ್ಯೂಸಿಯಂ ಕಾವಲುಗಾರನ ಕಡೆ ಒಂದು ಕಣ್ಣಿಟ್ಟೇ ನಡೆದಳು. "ನಮ್ಮ ಬಿಜಾಪುರದಾಗೂ ಇಂಥಾವು ಅದಾವಲ್ಲ" ಅಂದಳು. ಹೌದು. ಆಸಾರ್ ಮಹಲಿನಲ್ಲಿದ್ದ 17ನೇ ಶತಮಾನದ ಗಂಬಳಿಗಳು ಗೋಳಗುಮ್ಮಟದ ಮುಂದಿನ ಮ್ಯೂಸಿಯಂನಲ್ಲಿವೆ. ಆದಿಲ್‌ಶಾಹಿ ದರ್ಬಾರಿಗೂ ಈ ದೇಶಕ್ಕೂ ಇದ್ದ ನಂಟು ಸಣ್ಣದಲ್ಲ. ಗೋಳಗುಮ್ಮಟ ನೋಡಲು ಹೋದವರು ಪಿಸುಗುಟ್ಟುವ ಗ್ಯಾಲರಿ ಹತ್ತಿ ಕೂಗಿ ಬರುತ್ತಾರೆ, ಈ ಗಂಬಳಿಗಳ ಕಡೆ ಹಾಯುವವರು ಕಮ್ಮಿ.

ಭಾನುವಾರ, ಟೆಹ್ರಾನ್‌ನಿಂದ ಕಾಶಾನ್‌ಗೆ

ಬೆಳಗ್ಗೆ ದೊಡ್ಡ ಬಜಾರ್. ಗಂಬಳಿ ಓಣಿಗೆ ಹೋಗುವ ಮೊದಲೇ ಹಿಂದಿನಿಂದ "ಯಾಲ್ಲಾ, ಯಾಲ್ಲಾ" ಅಂತ ಕೂಗು. ಪಕ್ಕಕ್ಕೆ ಸರಿಯದಿದ್ದರೆ ಹಮಾಲರ ಕೈಗಾಡಿ ಮೊಣಕಾಲಿಗೆ ಬಡಿಯುತ್ತದೆ. ಗಾಡಿ ತುಂಬ ಮಡಚಿದ ಗಂಬಳಿಗಳು.

ನಮ್ಮ ಜೊತೆ ದುಭಾಷಿಯಾಗಿ ಒಬ್ಬ ಕಾಲೇಜು ಹುಡುಗಿ ಬಂದಿದ್ದಳು. ಅವಳು ಕರೆದುಕೊಂಡು ಹೋದ ಅಂಗಡಿಯ ಯಜಮಾನರಿಗೆ ಎಪ್ಪತ್ತು ದಾಟಿರಬೇಕು. ಮೊದಲು ಚಹಾ ಬಂತು, ಸಕ್ಕರೆ ತುಂಡು ಹಲ್ಲಲ್ಲಿ ಕಚ್ಚಿಕೊಂಡು ಕುಡಿಯುವ ಚಹಾ. ಆಮೇಲೆ ಇಬ್ಬರು ಹುಡುಗರು ಗಂಬಳಿಗಳ ರಾಶಿಯ ಎರಡು ಕಡೆ ನಿಂತು ಒಂದೊಂದಾಗಿ ಎತ್ತಿ ಹಾಕತೊಡಗಿದರು. ನಾನು ಬಣ್ಣ ನೋಡುತ್ತ ಕೂತೆ. ಅಕ್ಕ ಎದ್ದು ಹೋಗಿ ಒಂದು ಮೂಲೆ ಹಿಡಿದು ಮಗುಚಿದಳು.

ಯಜಮಾನರ ಮುಖ ಅರಳಿತು. "ಖಾನುಮ್‌ಗೆ ಗೊತ್ತಿದೆ" ಅಂದರು, ಮೇಡಂಗೆ ಗೊತ್ತಿದೆ ಅಂತ.

ಅಕ್ಕನಿಗೆ ಗಂಬಳಿ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಕಸೂತಿ. ಗವಂತಿ, ಮುರಗಿ ಹೊಲಿಗೆಯಲ್ಲಿ ಎಳೆ ಎಣಿಸಿಯೇ ಸೂಜಿ ಹಾಕಬೇಕು, ಬಟ್ಟೆಯ ಹಿಂದೂ ಮುಂದೂ ಒಂದೇ ಥರ ಕಾಣಬೇಕು. ಹಾಗಾಗಿ ಯಾವ ಕಸೂತಿ ಕಂಡರೂ ಅವಳು ಮೊದಲು ನೋಡುವುದು ಹಿಂಬದಿ. ಗಂಬಳಿಯ ವಿಷಯದಲ್ಲೂ ಅದೇ ಸರಿ ಅಂತ ಆಯಿತು. ಮುಂದಿನ ಉಣ್ಣೆಯನ್ನು ಕತ್ತರಿಸಿ, ತೊಳೆದು, ಬಾಚಿ ಚಂದ ಮಾಡಬಹುದು. ಬೆನ್ನಿನಲ್ಲಿ ಮುಚ್ಚುಮರೆ ನಡೆಯುವುದಿಲ್ಲ. ಕೈಯಲ್ಲಿ ಗಂಟು ಹಾಕಿದ್ದರೆ ಇಡೀ ಚಿತ್ರ ಬೆನ್ನಿನಲ್ಲೂ ಅಷ್ಟೇ ಸ್ಪಷ್ಟ. ಒಂದೊಂದು ಗಂಟೂ ಒಂದೊಂದು ಚುಕ್ಕೆ. ಸಾಲುಗಳಲ್ಲಿ ಅಲ್ಲಲ್ಲಿ ಸಣ್ಣ ಓರೆ. ಯಂತ್ರದ್ದಾದರೆ ಗೆರೆ ಎಳೆದಂತೆ ಇರುತ್ತದೆ. ಎರಡು ತುದಿಯ ಕುಚ್ಚನ್ನೂ ನೋಡಬೇಕು. ಕೈಮಗ್ಗದ್ದರಲ್ಲಿ ಕುಚ್ಚು ಅಂದರೆ ಹಾಸಿನ ಎಳೆಗಳೇ, ಗಂಬಳಿಯ ಎಲುಬು ಹೊರಗೆ ಬಂದದ್ದು. ಯಂತ್ರದ್ದಕ್ಕೆ ಆಮೇಲೆ ಹೊಲಿದಿರುತ್ತಾರೆ.

ವ್ಯಾಪಾರ ಹೇಗೆ ಅಂತ ಕೇಳಿದೆ. ಅವರು ಬೆರಳು ಮಡಚಿ ಲೆಕ್ಕ ಕೊಟ್ಟರು. ಅಮೆರಿಕ 1987ರಲ್ಲಿ ಇರಾನ್ ಸರಕು ನಿಲ್ಲಿಸಿತು. 2000ದಲ್ಲಿ ಗಂಬಳಿಗೆ ಬಾಗಿಲು ತೆರೆಯಿತು. 2010ರಲ್ಲಿ ಮುಚ್ಚಿತು. 2016ರಲ್ಲಿ ತೆರೆಯಿತು. 2018ರಲ್ಲಿ ಮತ್ತೆ ಮುಚ್ಚಿತು. 1990ರ ದಶಕದ ನಡುವೆ ಗಂಬಳಿ ರಫ್ತು 200 ಕೋಟಿ ಡಾಲರ್‌ವರೆಗೆ ಹೋಗಿತ್ತು, ಈಗ ಅದು 10 ಕೋಟಿಗೂ ಕಡಿಮೆ. ಒಂದು ದೊಡ್ಡ ಗಂಬಳಿ ಮಗ್ಗಕ್ಕೆ ಏರಿ ಇಳಿಯುವುದರೊಳಗೆ ಅದರ ಗಿರಾಕಿಯ ದೇಶದಲ್ಲಿ ಕಾನೂನು ಬದಲಾಗಿರುತ್ತದೆ. ಇಂಥ ದಂಧೆಯಲ್ಲಿ ಮಕ್ಕಳು ಮುಂದುವರಿಯಲಿಲ್ಲ ಅಂದರೆ ತಪ್ಪು ಹೇಳಲಾದೀತೇ? ಅವರ ಮಗ ಮೊಬೈಲ್ ಅಂಗಡಿ ಇಟ್ಟಿದ್ದಾನಂತೆ.

ಮಧ್ಯಾಹ್ನ ಕಾರಿನಲ್ಲಿ ಕಾಶಾನ್ ಕಡೆ. ಕುಮ್ ದಾಟಿದಮೇಲೆ ಎರಡೂ ಕಡೆ ಬಯಲು, ಉಪ್ಪು ಮಣ್ಣು, ಏನೂ ಇಲ್ಲ.

ಸೋಮವಾರ, ಕಾಶಾನ್

ಈ ಪ್ರವಾಸದಲ್ಲಿ ಒಂದೇ ದಿನ ಉಳಿಸಿಕೋ ಅಂದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ.

ಕಾಶಾನ್‌ನ ಗಂಬಳಿ ಕೆಲಸ 2010ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು, ಫಾರ್ಸ್ ಪ್ರಾಂತದ್ದೂ ಅದೇ ವರ್ಷ. ಊರಿನ ಮೂವರಲ್ಲಿ ಹೆಚ್ಚುಕಡಿಮೆ ಒಬ್ಬರು ಗಂಬಳಿ ಕೆಲಸದಲ್ಲಿದ್ದಾರೆ, ಅವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಹೆಂಗಸರು ಅಂತ ಆಗ ಬರೆದಿದ್ದರು. ಹಾಗಂತ ಬೀದಿಯಲ್ಲಿ ಮಗ್ಗದ ಸದ್ದು ಕೇಳಿಸುತ್ತದೆ ಅಂದುಕೊಳ್ಳಬೇಡಿ. ಎಲ್ಲ ಮನೆಯೊಳಗೆ. ಹೊರಗೆ ಕಾಣುವುದು ಯಂತ್ರದ ಗಂಬಳಿಗಳ ದೊಡ್ಡ ದೊಡ್ಡ ಬೋರ್ಡುಗಳು. ಕಾಶಾನ್, ಪಕ್ಕದ ಆರಾನ್-ಬೀದ್‌ಗೋಲ್ ಎರಡೂ ಯಂತ್ರಗಂಬಳಿಯ ರಾಜಧಾನಿಗಳೂ ಹೌದು.

ನಾವು ಹೋದದ್ದು ತಾಯಿ-ಮಗಳ ಮನೆಗೆ. ಮಗ್ಗ ನಿಂತ ಮಗ್ಗ, ಕಬ್ಬಿಣದ್ದು, ಕೋಣೆಯ ಒಂದು ಗೋಡೆಯಷ್ಟು. ಮೇಲಿಂದ ಕೆಳಗೆ ಹತ್ತಿಯ ಹಾಸು ಬಿಗಿದಿದೆ. ಇಬ್ಬರೂ ಒಂದು ಹಲಗೆಯ ಮೇಲೆ ಅಕ್ಕಪಕ್ಕ ಕೂತಿದ್ದರು. ಗಂಬಳಿ ಮೇಲೇರಿದಂತೆ ಹಲಗೆಯೂ ಏರುತ್ತದೆ. ತಲೆಯ ಮೇಲೆ ಬಣ್ಣ ಬಣ್ಣದ ನೂಲಿನ ಉಂಡೆಗಳು ಸಾಲಾಗಿ ನೇತಾಡುತ್ತಿದ್ದವು.

ಕಣ್ಣಿನ ಎತ್ತರಕ್ಕೆ ನಕ್ಷೆ ಸಿಕ್ಕಿಸಿತ್ತು. ನಕ್ಷೆ ಅಂದರೆ ಚೌಕಳಿ ಕಾಗದ, ಒಂದೊಂದು ಚೌಕಕ್ಕೂ ಬಣ್ಣ ತುಂಬಿದೆ. ಒಂದು ಚೌಕ ಅಂದರೆ ಒಂದು ಗಂಟು. ನನಗೆ ವಿವರಿಸಲು ದುಭಾಷಿ ಬಾಯಿ ತೆರೆಯುವ ಮೊದಲೇ ಅಕ್ಕ ಕಾಗದದ ಮೇಲೆ ಬೆರಳಿಟ್ಟು ಎಣಿಸಿದಳು. ಮೂರು ಕೆಂಪು, ಒಂದು ದಂತದ ಬಣ್ಣ, ಎರಡು ನೀಲಿ. ಮಗ್ಗದ ಮೇಲೆ ನೋಡಿದರೆ ಅದೇ ಮೂರು, ಒಂದು, ಎರಡು. ತಾಯಿ ನಕ್ಕರು. ಭಾಷೆ ಬೇಕೇ ಆಗಲಿಲ್ಲ.

ಗಂಟು ಹಾಕುವುದನ್ನು ಮೊದಲು ನೋಡಿದಾಗ ಏನೂ ಕಾಣಲಿಲ್ಲ, ಅಷ್ಟು ಬೇಗ. ಕೇಳಿಕೊಂಡಮೇಲೆ ನಿಧಾನ ಮಾಡಿ ತೋರಿಸಿದರು. ಎಡಗೈ ಬೆರಳಿನಿಂದ ಹಾಸಿನ ಎರಡು ಎಳೆ ಬಿಡಿಸಿಕೊಂಡರು. ನೂಲಿನ ತುದಿ ಒಂದು ಎಳೆಯನ್ನು ಪೂರ್ತಿ ಸುತ್ತಿತು. ಇನ್ನೊಂದರ ಬೆನ್ನ ಹಿಂದೆ ಸುಮ್ನೆ ಹಾದು ಹೊರಗೆ ಬಂತು. ಕೆಳಕ್ಕೆ ಒಂದು ಜಗ್ಗು. ಬಲಗೈಯ ಚಾಕು ಟಕ್ ಅಂತ ನೂಲು ಕತ್ತರಿಸಿತು. ಇದು ಪರ್ಷಿಯನ್ ಗಂಟು. ತಬ್ರೀಜ್ ಕಡೆ ಹಾಕುವ ತುರ್ಕಿ ಗಂಟು ಎರಡೂ ಎಳೆಯನ್ನು ಸುತ್ತಿ, ತುದಿಗಳೆರಡೂ ನಡುವಿನಿಂದ ಹೊರಬರುತ್ತವೆ. ಅಲ್ಲಿ ತುದಿಯಲ್ಲಿ ಕೊಕ್ಕೆ ಇರುವ ಚಾಕು ಬಳಸುತ್ತಾರೆ, ಇಲ್ಲಿ ಬರೀ ಬೆರಳು. ಬಳ್ಳಿ ಬಳುಕಬೇಕಾದ ಕಡೆ ಪರ್ಷಿಯನ್ ಗಂಟು ಅನುಕೂಲ, ಗಟ್ಟಿತನಕ್ಕೆ ತುರ್ಕಿಯದು ಅಂತ ಹೇಳುತ್ತಾರೆ. ನಾನು ಕೇಳಿದವರಲ್ಲಿ ಎಲ್ಲರೂ ತಮ್ಮ ಊರಿನದೇ ಮೇಲು ಅಂದರು.

ಒಂದು ಸಾಲು ಮುಗಿದಮೇಲೆ ಅಡ್ಡ ಎಳೆ, ಅಂದರೆ ಹೊಕ್ಕು, ಹಾಯಿಸಬೇಕು, ಒಂದು ದಪ್ಪ, ಒಂದು ಸಣ್ಣ. ಆಮೇಲೆ ಕಬ್ಬಿಣದ ಹಣಿಗೆಯಿಂದ ಬಡಿತ. ಕೋಣೆ ಅದುರಿತು. ಕೊನೆಗೆ ಅಗಲ ಕತ್ತರಿಯಿಂದ ಮೇಲಿನ ಉಣ್ಣೆ ಒಂದೇ ಮಟ್ಟಕ್ಕೆ ಕತ್ತರಿಸಿದರು. ಆಗ ಚಿತ್ರ ಕಣ್ಣು ಬಿಟ್ಟಿತು. ಅಲ್ಲಿಯವರೆಗೆ ಅದು ಬರೀ ಜುಬುರು ಜುಬುರು ನೂಲು.

ಲೆಕ್ಕ ಹಾಕೋಣ ಅಂತ ಕೂತೆವು. ಗಂಬಳಿ ಎಷ್ಟು ನಯ ಅಂತ ಅಳೆಯಲು ಇಲ್ಲಿ 'ರಜ್' ಅನ್ನುತ್ತಾರೆ. ಸುಮಾರು 7 ಸೆಂಟಿಮೀಟರಿನಲ್ಲಿ ಎಷ್ಟು ಗಂಟು ಅಂತ. ಇವರದು 40 ರಜ್. ಅಂದರೆ ಒಂದು ಚದರ ಮೀಟರಿಗೆ ಮೂರು ಲಕ್ಷ ಗಂಟಿಗೂ ಮೇಲೆ. 2 ಮೀಟರ್ ಅಗಲ 3 ಮೀಟರ್ ಉದ್ದದ ಗಂಬಳಿಗೆ ಹತ್ತೊಂಬತ್ತು ಲಕ್ಷದ ಚಿಲ್ಲರೆ. ಕೈ ಪಳಗಿದವರು ದಿನಕ್ಕೆ ಸುಮಾರು 8,000 ಗಂಟು ಹಾಕಬಹುದು. ಇಬ್ಬರು ಒಂದು ದಿನವೂ ಬಿಡದೆ ಕೂತರೂ ನಾಲ್ಕು ತಿಂಗಳು. ಅಡಿಗೆ, ಮಕ್ಕಳು, ಜ್ವರ, ಮದುವೆ, ಹಬ್ಬ ಎಲ್ಲ ಸೇರಿದರೆ ಒಂದು ವರ್ಷ ಅಂದರು ತಾಯಿ. ನೂಲು, ನಕ್ಷೆ ವ್ಯಾಪಾರಿಯದು. ಇವರಿಗೆ ಕೂಲಿ. ಎಷ್ಟು ಅಂತ ಮಗಳು ಹೇಳಿದಳು, ದುಭಾಷಿ ಹುಡುಗಿ ಅದನ್ನು ಇಂಗ್ಲಿಷಿಗೆ ತರುವಾಗ ದನಿ ತಗ್ಗಿಸಿದಳು. ಬಜಾರಿನಲ್ಲಿ ಕೇಳಿದ ಬೆಲೆಯ ಪಕ್ಕ ಅದನ್ನು ಇಟ್ಟು ನೋಡಿದರೆ ನಾಚಿಕೆಯಾಗುತ್ತದೆ. ತಾಯಿಯ ಬಲ ಹೆಗಲು ಎಡದಕ್ಕಿಂತ ಇಳಿದಿತ್ತು. ಗಂಬಳಿಗಳ ಬಗ್ಗೆ ಬರೆಯುವವರು ಈ ಹೆಗಲಿನ ಬಗ್ಗೆ ಯಾಕೆ ಬರೆಯುವುದಿಲ್ಲವೋ.

ಒಂದು ಕಥೆ ಎಲ್ಲ ಕಡೆ ಓಡಾಡುತ್ತದೆ, ನೀವೂ ಕೇಳಿರಬಹುದು. ದೇವರೊಬ್ಬನೇ ಪರಿಪೂರ್ಣ, ಅದಕ್ಕೇ ನೇಯುವವರು ಬೇಕೆಂದೇ ಒಂದು ತಪ್ಪು ಬಿಡುತ್ತಾರೆ ಅಂತ. ಹೌದಾ ಅಂತ ಕೇಳಿದೆ. ಮಗಳು ಜೋರಾಗಿ ನಕ್ಕಳು. "ಬೇಕೆಂದು ಯಾಕೆ ಮಾಡಬೇಕು? ಅದಾಗಿಯೇ ಸಾಕಷ್ಟು ಆಗುತ್ತವೆ" ಅಂದಳು. ಈ ಕಥೆ ಮಾರುವವರು ಕಟ್ಟಿದ್ದು ಅಂತ ನನ್ನ ಅನುಮಾನ.

ಏಳುವ ಮೊದಲು ತಾಯಿ ಅಕ್ಕನ ಕೈ ಹಿಡಿದು ಹಿಂದಿನ ವರ್ಷದ ಗಂಬಳಿಯೊಂದರ ಮೇಲೆ ಸವರಿಸಿದರು. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಒರಟು. ಪ್ರತಿ ಗಂಟನ್ನೂ ಕೆಳಕ್ಕೆ ಜಗ್ಗಿರುತ್ತಾರಲ್ಲ, ಉಣ್ಣೆಯೆಲ್ಲ ನೇಯಲು ಶುರು ಮಾಡಿದ ತುದಿಯ ಕಡೆ ವಾಲಿರುತ್ತದೆ. ಬಾಗಿಲ ಕಡೆಯಿಂದ ನೋಡಿದರೆ ಗಂಬಳಿ ಕಡುಗೆಂಪು. ಕಿಟಕಿ ಕಡೆ ಹೋಗಿ ನಿಂತರೆ ಅದೇ ಗಂಬಳಿ ತೆಳು ಗುಲಾಬಿ. ಅಕ್ಕ ಅದರ ಸುತ್ತ ಸುತ್ತಿದಳು. "ಇದು ಯಾವ ಬಣ್ಣ ಅಂತ ಹೇಳೋದು ನಾ?"

ಮಂಗಳವಾರ, ಕಮ್ಸರ್, ಬಣ್ಣದ ಮನೆ, ಇಸ್ಫಹಾನ್ ದಾರಿ

ಮೇ ತಿಂಗಳಲ್ಲಿ ಕಾಶಾನ್ ಸುತ್ತಲೂ ಗುಲಾಬಿ ಕಾಲ. ಕಮ್ಸರ್‌ನಲ್ಲಿ ತಾಮ್ರದ ಹಂಡೆಗಳಲ್ಲಿ ಪನ್ನೀರು ಇಳಿಸುತ್ತಾರೆ. ಚಂದವಿತ್ತು, ಜನಜಂಗುಳಿಯೂ ಇತ್ತು. ಹೆಚ್ಚು ಹೊತ್ತು ನಿಲ್ಲಲಿಲ್ಲ.

ನಿಂತದ್ದು ಊರ ಹೊರಗಿನ ಒಂದು ಬಣ್ಣದ ಮನೆಯಲ್ಲಿ. ಅಂಗಳದಲ್ಲಿ ಹಗ್ಗಕ್ಕೆ ನೂಲಿನ ಲಡಿಗಳು, ಕೆಳಗೆ ನೀರು ತೊಟ್ಟಿಕ್ಕುತ್ತಿತ್ತು. ಕೆಂಪಿಗೆ ರೊನಾಸ್, ನಮ್ಮ ಮಂಜಿಷ್ಠದ ಬಳಗದ ಗಿಡ. ಎಳೆಯ ಬೇರು ನಡೆಯುವುದಿಲ್ಲ, ಕೆಲವು ವರ್ಷ ಬಲಿತಿರಬೇಕು. ಉಣ್ಣೆಯನ್ನು ಮೊದಲು ಪಟಿಕದ ನೀರಿನಲ್ಲಿ ಕುದಿಸಬೇಕು, ಇಲ್ಲದಿದ್ದರೆ ಬಣ್ಣ ಹಿಡಿಯುವುದಿಲ್ಲ. ಹಳದಿಗೆ ಎಸ್ಪರಕ್ ಅನ್ನುವ ಗಿಡ. ಕಂದಿಗೆ ಅಕ್ರೋಟಿನ ಹಸಿ ಸಿಪ್ಪೆ, ದಾಳಿಂಬೆ ಸಿಪ್ಪೆಯೂ ಸೇರುತ್ತದೆ. ಹಸಿರಿಗೆ ಅಂತ ಬೇರೆ ಗಿಡ ಇಲ್ಲ. ಹಳದಿಯಲ್ಲಿ ಅದ್ದಿದ್ದನ್ನು ಮತ್ತೆ ನೀಲಿಯಲ್ಲಿ ಅದ್ದಬೇಕು. ಆ ನೀಲಿ ಹಿಂದಿನ ಕಾಲದಲ್ಲಿ ನಮ್ಮ ದೇಶದಿಂದ ಹಡಗಿನಲ್ಲಿ ಬರುತ್ತಿತ್ತು.

ಕಪ್ಪಿನ ಕಥೆ ಕೇಳಿ. ಕಪ್ಪು ಬಣ್ಣಕ್ಕೆ ಕಬ್ಬಿಣದ ಅಂಶ ಹಾಕುತ್ತಾರೆ, ಅದು ಉಣ್ಣೆಯನ್ನು ಒಳಗಿಂದೊಳಗೆ ತಿನ್ನುತ್ತದೆ. ನೂರು ವರ್ಷದ ಗಂಬಳಿಯಲ್ಲಿ ಕಪ್ಪು ಗೆರೆಗಳಿದ್ದಲ್ಲೆಲ್ಲ ಉಣ್ಣೆ ಸವೆದು ತಗ್ಗಾಗಿರುತ್ತದೆ, ಉಳಿದ ಹೂವುಗಳು ಕೆತ್ತಿದಂತೆ ಮೇಲೆದ್ದು ಕಾಣುತ್ತವೆ. ಟೆಹ್ರಾನ್ ಮ್ಯೂಸಿಯಂನಲ್ಲಿ ಕಂಡ ಆ ಉಬ್ಬುತಗ್ಗು ಏನು ಅಂತ ಇಲ್ಲಿ ತಿಳಿಯಿತು.

19ನೇ ಶತಮಾನದ ಕೊನೆಗೆ ಯುರೋಪಿನಿಂದ ಅನಿಲೀನ್ ಅನ್ನುವ ರಾಸಾಯನಿಕ ಬಣ್ಣಗಳು ಬಂದವು. ಅಗ್ಗ, ಆದರೆ ಬಿಸಿಲಿಗೆ ಮಾಸುತ್ತವೆ, ನೀರಿಗೆ ಬಿಡುತ್ತವೆ. ಸರ್ಕಾರ ಅವನ್ನು ನಿಷೇಧಿಸಿಯೂ ನೋಡಿತು. ಈಗಿನ ಕ್ರೋಮ್ ಬಣ್ಣಗಳು ಹಾಗಲ್ಲ, ಗಟ್ಟಿ. ಊರಲ್ಲಿ ನೇಯುವ ಗಂಬಳಿಗಳಲ್ಲಿ ಬಹುಪಾಲು ಅವೇ. 'ಎಲ್ಲ ಗಿಡದ ಬಣ್ಣ ಮೇಡಂ' ಅಂತ ಯಾವ ಅಂಗಡಿಯವರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ಗಿಡದ ಬಣ್ಣದಲ್ಲೇ ಒಂದು ಹದದ ನೂಲು ಮುಗಿದು ಇನ್ನೊಂದು ಹದ ಶುರುವಾದಾಗ ಗಂಬಳಿಯಲ್ಲಿ ಅಡ್ಡಪಟ್ಟಿ ಬೀಳುತ್ತದೆ. ಅಬ್ರಷ್ ಅಂತಾರೆ. ಕೆಲವರಿಗೆ ಅದು ದೋಷ. ನನಗೆ ಇಷ್ಟ. ಅಕ್ಕನಿಗೆ ಸುತಾರಾಂ ಇಷ್ಟವಿಲ್ಲ. ಇಸ್ಫಹಾನ್‌ವರೆಗೂ ಇದೇ ವಾದ.

ಕಾಶಾನ್ ಬಿಡುವಾಗ ಚಾಲಕ ಇನ್ನೊಂದು ಸಂಗತಿ ಹೇಳಿದರು. ಹತ್ತಿರದ ಮಶಹದ್-ಎ-ಅರ್ದಹಾಲ್‌ನಲ್ಲಿ ಪ್ರತಿ ಶರತ್ಕಾಲ ಗಂಬಳಿ ತೊಳೆಯುವ ಜಾತ್ರೆ. ಶಿಯಾ ಇಮಾಮರೊಬ್ಬರ ಮಗ ಸುಲ್ತಾನ್ ಅಲಿ ಹುತಾತ್ಮರಾದಾಗ ಅವರ ದೇಹವನ್ನು ಗಂಬಳಿಯಲ್ಲಿ ಸುತ್ತಿ ಒಯ್ದರಂತೆ. ಆ ನೆನಪಿಗೆ ಸಾವಿರಾರು ಗಂಡಸರು ಕೋಲು ಹಿಡಿದು ಗಂಬಳಿಯೊಂದನ್ನು ಮೆರವಣಿಗೆಯಲ್ಲಿ ತೊರೆಗೆ ತಂದು ತೊಳೆಯುತ್ತಾರೆ. 2012ರಲ್ಲಿ ಇದೂ ಯುನೆಸ್ಕೊ ಪಟ್ಟಿಗೆ ಸೇರಿದೆ.

ಬುಧವಾರ, ಇಸ್ಫಹಾನ್

ನಕ್ಷ್-ಎ-ಜಹಾನ್ ಚೌಕದ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ಒಂದು ಮಾತು ಸಾಕು. ಶೇಖ್ ಲುತ್ಫುಲ್ಲಾ ಮಸೀದಿಯೊಳಗೆ ಗುಮ್ಮಟದ ಕೆಳಗೆ ನಿಂತು ಮೇಲೆ ನೋಡಿ, ಆಮೇಲೆ ಹೊರಗಿನ ಗಂಬಳಿ ಅಂಗಡಿಗೆ ಬನ್ನಿ. 1619ರಲ್ಲಿ ಮುಗಿದ ಆ ಗುಮ್ಮಟವೇ ನೆಲಕ್ಕೆ ಇಳಿದು ಮಲಗಿರುತ್ತದೆ. ನಡುವಿನಿಂದ ಹೊರಗೆ ಹೋಗುತ್ತ ಹೋಗುತ್ತ ದೊಡ್ಡದಾಗುವ ಅದೇ ಎಲೆಗಳು.

ಇಸ್ಫಹಾನ್ ಗಂಬಳಿ ಕಾಶಾನ್‌ನದಕ್ಕಿಂತ ನಯ. ಹಾಸು ರೇಷ್ಮೆಯದು, ಮೇಲೆ ಕುರಿಮರಿಯ ಮೃದು ಉಣ್ಣೆ, ಹೂವಿನ ಅಂಚಿಗೆ ಅಲ್ಲಲ್ಲಿ ರೇಷ್ಮೆ. ಸೈರಫಿಯಾನ್ ಮನೆತನದ ಗಂಬಳಿಗಳಿಗೆ ಜಗತ್ತಿನಾದ್ಯಂತ ಹೆಸರು. ಅಂಚಿನಲ್ಲಿ ಅವರ ಹೆಸರನ್ನು ನೇಯ್ದಿರುತ್ತಾರೆ. ಯಾರು ಬೇಕಾದರೂ ನೇಯಬಹುದಲ್ಲ, ಹಾಗಾಗಿ ನಕಲಿ ಹೆಸರುಗಳೂ ಬಜಾರಿನಲ್ಲಿವೆ.

ನಮಗೆ ನಕಲಿಯೂ ಸಿಕ್ಕಿತು. ಹೆಸರಲ್ಲಿ ಅಲ್ಲ, ರೇಷ್ಮೆಯಲ್ಲಿ. ಚೌಕದಿಂದ ಸ್ವಲ್ಪ ದೂರದ ಒಂದು ಅಂಗಡಿಯಲ್ಲಿ 'ಅಪ್ಪಟ ರೇಷ್ಮೆ' ಅಂತ ಒಂದು ಸಣ್ಣ ಗಂಬಳಿ ತೋರಿಸಿದರು. ಮಿರಮಿರ ಮಿಂಚುತ್ತಿತ್ತು. ಜಾಸ್ತಿಯೇ ಮಿಂಚುತ್ತಿತ್ತು. ಅಕ್ಕ ಬೆನ್ನು ಮಗುಚಿದಳು, ಕುಚ್ಚು ಉಜ್ಜಿದಳು, ಮುಖ ಹುಳ್ಳಗೆ ಮಾಡಿದಳು. "ಒಂದೆಳಿ ಸುಡ್ರಿ ಅಂತ ಹೇಳು" ಅಂದಳು. ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಕರಿ ಉಂಡೆಯಾಗಿ ಬೆರಳಲ್ಲಿ ಪುಡಿಯಾಗುತ್ತದೆ. ವಿಸ್ಕೋಸ್, ಅಂದರೆ ಕೃತಕ ರೇಷ್ಮೆ, ಆದರೆ ಕಾಗದ ಸುಟ್ಟ ವಾಸನೆ. ಅಂಗಡಿಯವರಿಗೆ ತಕ್ಷಣ ಬೇರೆ ಗಿರಾಕಿಯ ನೆನಪಾಯಿತು. ಸುಡಲಿಲ್ಲ. ಚಹಾ ಮಾತ್ರ ಪೂರ್ತಿ ಕುಡಿಸಿಯೇ ಕಳಿಸಿದರು.

ಇನ್ನೊಂದು ಮೋಸವನ್ನು ಹೋಟೆಲ್ ಪಕ್ಕದ ರಿಪೇರಿಯವರು ತೋರಿಸಿಕೊಟ್ಟರು. ಅವರು ಹಳೆ ಗಂಬಳಿಯ ಹುಳು ತಿಂದ ಜಾಗಕ್ಕೆ ಸೂಜಿಯಿಂದ ಹೊಸ ಗಂಟು ಕೂರಿಸುತ್ತಿದ್ದರು. ಕೆಲವರು ಎರಡು ಎಳೆಗೆ ಒಂದು ಗಂಟು ಹಾಕುವ ಬದಲು ನಾಲ್ಕು ಎಳೆಗೆ ಒಂದು ಹಾಕಿ ಮುಗಿಸುತ್ತಾರೆ. ಜುಫ್ತಿ ಅಂತ ಅದರ ಹೆಸರು. ಅರ್ಧ ಕೆಲಸ, ಅರ್ಧ ನೂಲು. ಮುಂದಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಹತ್ತು ವರ್ಷ ತುಳಿದಮೇಲೆ ಉಣ್ಣೆ ತೆಳ್ಳಗಾಗಿ ನೆಲ ಕಾಣುತ್ತದೆ. ಬೆನ್ನಿನಲ್ಲಿ ಒಂದು ಗಂಟು ಪಕ್ಕದ್ದಕ್ಕಿಂತ ಅಗಲ ಕಂಡರೆ ಅನುಮಾನ ಪಡಬೇಕು. ಜೇಬಿನಿಂದ ಭೂತಗನ್ನಡಿ ತೆಗೆದು ಅಕ್ಕನ ಕೈಗೇ ಕೊಟ್ಟರು. ಮುಂದಿನ ಒಂದು ಗಂಟೆ ನಾನು ಒಬ್ಬಳೇ ಐಸ್ಕ್ರೀಮ್ ತಿಂದೆ.

ಗುರುವಾರ

ಇಸ್ಫಹಾನ್‌ನಿಂದ ಶೀರಾಜ್‌ಗೆ ಇಡೀ ದಿನ ಬಸ್ಸು. ಸಸ್ಯಾಹಾರಿಗಳಿಗೆ ಒಂದು ಸುದ್ದಿ: ಇರಾನ್‌ನಲ್ಲಿ ಬದನೆಕಾಯಿ ಬೇಕಾದಷ್ಟಿದೆ. ಕಷ್ಕ್-ಎ-ಬಾದೆಂಜಾನ್ ಮತ್ತು ಬಿಸಿ ರೊಟ್ಟಿ ಇದ್ದರೆ ಬದುಕಬಹುದು, ನಾವು ಬದುಕಿದೆವು.

ಶುಕ್ರವಾರ, ಶೀರಾಜ್‌ನ ಉತ್ತರಕ್ಕೆ

ಶುಕ್ರವಾರ ಬಜಾರ್ ರಜೆ. ಹಾಗಾಗಿ ಬೆಟ್ಟದ ಕಡೆ ಹೊರಟೆವು. ಕಶ್ಕಾಯಿ ಜನ ಬೇಸಿಗೆಗೆ ಮೇಲಿನ ಹುಲ್ಲುಗಾವಲಿಗೆ ಬರುವ ಹೊತ್ತು ಅದು. ಮಾತು ತುರ್ಕಿ ಬಗೆಯದು, ನಮ್ಮ ದುಭಾಷಿಗೂ ಅರ್ಧಂಬರ್ಧ. ಆಡಿನ ಕೂದಲಿನ ಕಪ್ಪು ಡೇರೆ, ಪಕ್ಕದಲ್ಲಿ ನೀಲಿ ಲಾರಿ. ಈಗ ಕುರಿಗಳೂ ಲಾರಿಯಲ್ಲೇ ವಲಸೆ ಬರುತ್ತವೆ. ಬಹಳ ಕುಟುಂಬಗಳು ಚಳಿಗಾಲಕ್ಕೆ ಊರಿನ ಮನೆಯಲ್ಲೇ ಇರುತ್ತವೆ.

ಇಲ್ಲಿಯ ಮಗ್ಗ ನಿಲ್ಲುವುದಿಲ್ಲ, ಮಲಗುತ್ತದೆ. ನೆಲಕ್ಕೆ ನಾಲ್ಕು ಗೂಟ, ಎರಡು ಮರದ ದಿಮ್ಮಿ, ನಡುವೆ ಹಾಸು. ಎದ್ದು ಹೊರಡುವಾಗ ಗೂಟ ಕಿತ್ತು ಅರ್ಧ ನೇಯ್ದದ್ದನ್ನು ಸುತ್ತಿಕೊಂಡು ಹೋಗಬಹುದು. ಮತ್ತೆ ಬಿಗಿಯುವಾಗ ಮೊದಲಿನಷ್ಟೇ ಬಿಗಿ ಬರಬೇಕಲ್ಲ, ಬರುವುದಿಲ್ಲ. ಅದಕ್ಕೇ ಇವರ ಗಂಬಳಿ ಒಂದು ಕಡೆ ಅಗಲ, ಒಂದು ಕಡೆ ಕಿರಿದು. ಹಾಸೂ ಉಣ್ಣೆಯದೇ, ಹತ್ತಿಯಲ್ಲ. ಕುಚ್ಚು ಮುಟ್ಟಿದರೇ ಊರಿನದೋ ಡೇರೆಯದೋ ಗೊತ್ತಾಗುತ್ತದೆ.

ನೇಯುತ್ತಿದ್ದವರು ನೆಲದಲ್ಲಿ, ನೇಯ್ದ ಭಾಗದ ಮೇಲೆಯೇ ಕೂತಿದ್ದರು. ನಕ್ಷೆಯ ಕಾಗದ ಇಲ್ಲ. ಎಲ್ಲ ತಲೆಯಿಂದಲೇ ಬರುತ್ತದೆ ಅಂತ ಪ್ರವಾಸಿ ಪುಸ್ತಕಗಳು ಬರೆಯುತ್ತವೆ. ಪೂರ್ತಿ ನಿಜವಲ್ಲ. ಪಕ್ಕದಲ್ಲಿ ಒಂದು ಸಣ್ಣ ಮಾದರಿ ತುಂಡು ಬಿದ್ದಿತ್ತು, ಹಳೆಯದು, ಅಂಚಿನ ಹೂವು ಹೇಗೆ ತಿರುಗಬೇಕು ಅಂತ ಅದರಲ್ಲಿ ನೇಯ್ದಿತ್ತು. ಅವರು ಆಗಾಗ ಅದನ್ನೇ ಮಗುಚಿ, ಬೆನ್ನಿನಿಂದ ಗಂಟು ಎಣಿಸಿಕೊಳ್ಳುತ್ತಿದ್ದರು. ಗಬ್ಬೆ ನೇಯುವಾಗ ಮಾತ್ರ ಅದೂ ಬೇಡ. ಗಬ್ಬೆ ಅಂದರೆ ದಪ್ಪ ಉಣ್ಣೆಯ, ಗಂಟು ಕಮ್ಮಿ ಇರುವ ಗಂಬಳಿ. ಮೊದಲು ಮನೆಬಳಕೆಗೆ ಮಾತ್ರ ಮಾಡಿಕೊಳ್ಳುತ್ತಿದ್ದದ್ದು. ಒಂದು ದೊಡ್ಡ ಕೆಂಪು ಬಯಲು, ಮೂಲೆಯಲ್ಲಿ ಒಂದು ಆಡು, ಅಷ್ಟೇ. ಆಡಿಗೆ ಯಾಕೆ ಐದು ಕಾಲು ಅಂತ ಕೇಳಿದೆ. ಒಂದು ಬಾಲವಂತೆ.

ಅಕ್ಕನನ್ನು ಪಕ್ಕಕ್ಕೆ ಕೂರಿಸಿಕೊಂಡರು. ಇಳಕಲ್ ಸೀರೆಯ ಸೆರಗನ್ನು ಬೆರಳಲ್ಲಿ ಉಜ್ಜಿ ನೋಡಿದರು. ಅಕ್ಕನೂ ಅವರ ಅಂಚು ಉಜ್ಜಿದಳು. ಆಮೇಲೆ ಅಕ್ಕ ಗಂಟು ಹಾಕಿದಳು. ಅವರು ಕೆಲವನ್ನು ಕಿತ್ತು ಹಾಕಿದರು, ಉಳಿದವನ್ನು ಹಣಿಗೆಯಿಂದ ಗುದ್ದಿ ಒಳಗೆ ಕೂರಿಸಿದರು.

ಇಲ್ಲಿ ನೆಲಕ್ಕೆ ಗಂಟಿಲ್ಲದ ಗೆಲೀಮ್‌ಗಳನ್ನೂ ಹಾಸಿದ್ದರು. ಅವನ್ನು ಕಂಡು ಅಕ್ಕ, "ಇವು ನಮ್ಮ ನವಲಗುಂದದ ಜಮಖಾನಿ ಇದ್ದಂಗ ಅದಾವ" ಅಂದಳು. ನವಲಗುಂದದಲ್ಲೂ ನೇಯುವವರು ಹೆಂಗಸರೇ, ಅವರ ಹಿರಿಯರು ಬಿಜಾಪುರದ ಕಡೆಯಿಂದ ಬಂದವರು ಅನ್ನುತ್ತಾರೆ. ಅಲ್ಲೂ ಮಗ್ಗ ಮನೆಯೊಳಗೆ. ಉಳಿದಿರುವವರು ಬೆರಳೆಣಿಕೆಯಷ್ಟು.

ಶನಿವಾರ, ಶೀರಾಜ್

ವಕೀಲ್ ಬಜಾರ್. 18ನೇ ಶತಮಾನದಲ್ಲಿ ಕರೀಮ್ ಖಾನ್ ಜಂದ್ ಕಟ್ಟಿಸಿದ್ದು. ಇಟ್ಟಿಗೆ ಕಮಾನು, ಒಳಗೆ ತಂಪು. ಕೊಳ್ಳುವುದಾದರೆ ಏನು ಅಂತ ನಮ್ಮಿಬ್ಬರಲ್ಲಿ ಒಮ್ಮತವೇ ಇಲ್ಲ. ಅಕ್ಕನಿಗೆ ಕಾಶಾನ್‌ನದು ಬೇಕಿತ್ತು. "ಅದರಾಗ ಲೆಕ್ಕ ಐತಿ. ಇದರಾಗ ಬರೇ ಆಡು ಐತಿ." ಲೆಕ್ಕಕ್ಕೆ ತಕ್ಕ ಡಾಲರ್ ನಮ್ಮ ಒಳಚೀಲದಲ್ಲಿ ಇರಲಿಲ್ಲ. ಹಾಗಾಗಿ ನಾನು ಗೆದ್ದೆ.

ಒಂದು ಸಣ್ಣ ಗಬ್ಬೆ, ಕೆಂಪು, ನಡುವೆ ಅಬ್ರಷ್‌ನ ಪಟ್ಟಿಗಳು. ಬೆಲೆ ಕೇಳಿದರೆ ಅಂಗಡಿಯವರು ಎದೆ ಮೇಲೆ ಕೈಯಿಟ್ಟು "ಘಾಬೆಲ್ ನದಾರೆ" ಅಂದರು. ನಿಮ್ಮೆದುರು ಇದಕ್ಕೆಲ್ಲಿಯ ಬೆಲೆ, ಹಾಗೇ ಒಯ್ಯಿರಿ ಅಂತ. ಇದು ಉಪಚಾರದ ಮಾತು, ನಿಜಕ್ಕೂ ಎತ್ತಿಕೊಂಡು ಹೊರಟರೆ ರಸಾಭಾಸ. ಎರಡು ಸಲ ಅವರು ಹಾಗಂದರು, ಎರಡು ಸಲ ನಾವು ಕೇಳಿದೆವು, ಮೂರನೇ ಸಲ ಕ್ಯಾಲ್ಕುಲೇಟರ್ ಹೊರಗೆ ಬಂತು. ಆಗ ಒಂದು ಡಾಲರಿಗೆ ಸುಮಾರು 60,000 ತೋಮಾನ್. ನೋಟಿನ ಮೇಲೆ ಇರುವುದು ರಿಯಾಲ್, ಬಾಯಲ್ಲಿ ಹೇಳುವುದು ತೋಮಾನ್, ಹತ್ತು ರಿಯಾಲಿಗೆ ಒಂದು ತೋಮಾನ್. ಈ ಸೊನ್ನೆಗಳಲ್ಲಿ ನಾನು ಕಳೆದುಹೋದೆ. ಚೌಕಾಸಿ ಪೂರ್ತಿ ಅಕ್ಕನದು, ಕನ್ನಡದಲ್ಲಿ.

ಹಾಸುವುದೋ, ಗೋಡೆಗೆ ತೂಗುವುದೋ ಅಂತ ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ತುಳಿಯಲಿಕ್ಕೇ ಮಾಡಿದ್ದಲ್ಲವಾ? ವಯಸ್ಸಾದಂತೆ ಚಂದವಾಗುವವರನ್ನು ಇಲ್ಲಿ 'ಕೆರ್ಮಾನ್ ಗಂಬಳಿಯ ಹಾಗೆ' ಅಂತಾರಂತೆ. ವರ್ಷಕ್ಕೊಮ್ಮೆ ದಿಕ್ಕು ತಿರುಗಿಸಿ ಹಾಸಿ, ಒಂದೇ ಕಡೆ ಸವೆಯದಿರಲಿ. ಎತ್ತಿಡುವಾಗ ಮಡಚಬೇಡಿ, ಸುತ್ತಿಡಿ. ಆಗಾಗ ಬಿಸಿಲಿಗೆ ಹಾಕಿ, ಇಲ್ಲದಿದ್ದರೆ ಹುಳು ಹಿಡಿಯುತ್ತದೆ.

ಅಲ್ಲಿ ಅಕ್ಕ ತಡೆದಳು. ಧಾರವಾಡದ ಮಳೆಗಾಲವನ್ನು ಅವರಿಗೆ ವಿವರಿಸು ಅಂತ ನನಗೆ ಹೇಳಿದಳು. ನಾನು ದುಭಾಷಿಗೆ ಹೇಳಿದೆ, ಅವಳು ಅವರಿಗೆ ಹೇಳಿದಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ, ಬಟ್ಟೆ ಒಣಗುವುದಿಲ್ಲ, ಗೋಡೆಗೂ ಬೂಷ್ಟು ಹಿಡಿಯುತ್ತದೆ. ಅವರು ಎಷ್ಟೋ ಹೊತ್ತು ಯೋಚಿಸಿದರು. ಬೆಲೆ ಒಂದು ತೋಮಾನೂ ಇಳಿಸಲಿಲ್ಲ. ಪಕ್ಕದ ಅಂಗಡಿಗೆ ಹುಡುಗನನ್ನು ಓಡಿಸಿ ನುಸಿಗುಳಿಗೆಯ ದೊಡ್ಡ ಪೊಟ್ಟಣ ತರಿಸಿ, ಗಬ್ಬೆಯೊಳಗೆ ಇಟ್ಟು ಸುತ್ತಿ, ಗೋಣಿ ಹೊಲಿದು ಕೊಟ್ಟರು. ಅದು ಪುಕ್ಕಟೆ.